ಸ್ಟ್ಯಾನ್ಲಿ ಜೆ. ಸಮರ್ಥ

ಸ್ಟ್ಯಾನ್ಲಿ ಜೆಡಿಡಯ ಸಮರ್ಥ (7 ಅಕ್ಟೋಬರ್ 1920 – 22 ಜುಲೈ 2001) ಕರಾವಳಿ ಕರ್ನಾಟಕದ ಕಾರ್ಕಳದಲ್ಲಿ ಜನಿಸಿದ ಕ್ರೈಸ್ತ ದೇವಶಾಸ್ತ್ರಜ್ಞರು, ಅಧ್ಯಾಪಕರು ಹಾಗೂ ಅಂತರಧರ್ಮೀಯ ಸಂವಾದದ ಪ್ರಮುಖ ಪ್ರವರ್ತಕರು. ಜಿನೀವಾದಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್ ಎಂಬ ಜಾಗತಿಕ ಕ್ರೈಸ್ತ ಸಭೆಗಳ ಒಕ್ಕೂಟದಲ್ಲಿ ಅನ್ಯಧರ್ಮೀಯರೊಡನೆ ಸಂವಾದ ನಡೆಸುವ ವಿಭಾಗದ ಮೊದಲ ನಿರ್ದೇಶಕರಾಗಿ ಅವರು ಸೇವೆ ಸಲ್ಲಿಸಿದರು. ದೇವರು ಯೇಸು ಕ್ರಿಸ್ತನಲ್ಲಿ ತನ್ನನ್ನು ಪ್ರಕಟಿಸಿಕೊಂಡನು ಎಂಬ ಕ್ರೈಸ್ತ ನಂಬಿಕೆಯನ್ನು ಕೈಬಿಡದೆ, ಆತನು ಇತರ ಜನಾಂಗಗಳಿಗೂ ತನ್ನನ್ನು ಅರುಹಿಕೊಂಡಿರಬಹುದೆಂದು ಒಪ್ಪಲು ಸಾಧ್ಯವೇ ಎಂಬುದು ಅವರ ಜೀವನದುದ್ದದ ಪ್ರಶ್ನೆಯಾಗಿತ್ತು. ಈ ಪ್ರಶ್ನೆಗೆ ಅವರು ನೀಡಿದ ಉತ್ತರವು ಕ್ರೈಸ್ತ ವಲಯದಲ್ಲಿ ಮೆಚ್ಚುಗೆಗೂ ತೀವ್ರ ವಿರೋಧಕ್ಕೂ ಪಾತ್ರವಾಯಿತು.

ಹಿನ್ನೆಲೆ

ಸಮರ್ಥರು ಜನಿಸಿದ ಕಾಲದಲ್ಲಿ ಇಂದಿನ ಉಡುಪಿ ಜಿಲ್ಲೆಯ ಪ್ರದೇಶವು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಈ ಭಾಗದಲ್ಲಿ ಎರಡು ಕ್ರೈಸ್ತ ಪರಂಪರೆಗಳು ನೆಲೆಗೊಂಡಿದ್ದವು. ಮೊದಲನೆಯದು ಗೋವೆಯಿಂದ ವಲಸೆ ಬಂದ ಕೊಂಕಣಿ ಭಾಷಿಕ ರೋಮನ್ ಕ್ಯಾಥೊಲಿಕರದು. ಕಲ್ಯಾಣಪುರದ ಮಿಲಾಗ್ರಿಸ್ ಚರ್ಚ್, ಕಾರ್ಕಳ ಸಮೀಪದ ಅತ್ತೂರು ಸಂತ ಲಾರೆನ್ಸರ ಚರ್ಚ್, ಕಾಪು ಪರಿಸರದ ಶಿರ್ವ, ಶಂಕರಪುರ ಮೊದಲಾದ ಊರುಗಳ ಚರ್ಚುಗಳು ಈ ಪರಂಪರೆಗೆ ಸೇರಿವೆ. ಎರಡನೆಯದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಿಂದ ಬಂದ ಪ್ರೊಟೆಸ್ಟೆಂಟ್ ಮಿಷನ್ನಿನದು. ಸ್ಯಾಮುಯೆಲ್ ಹೆಬಿಕ್, ಯೋಹಾನೆಸ್ ಲೆಹ್ನರ್ ಮತ್ತು ಕ್ರಿಶ್ಚಿಯನ್ ಗ್ರೈನರ್ ಎಂಬ ಮೂವರು ಮಿಷನರಿಗಳು 1834ರಲ್ಲಿ ಮಂಗಳೂರನ್ನು ತಲುಪಿ ಈ ಕಾರ್ಯವನ್ನು ಆರಂಭಿಸಿದರು. 1854ರಲ್ಲಿ ಉಡುಪಿಯಲ್ಲಿ ಮಿಷನ್ ಕೇಂದ್ರವೊಂದು ತೆರೆಯಿತು.

ಬಾಸೆಲ್ ಮಿಷನ್ನಿನ ಸಭೆಗಳಿಗೆ ಸೇರಿದ ತುಳುವರಲ್ಲಿ ಬಿಲ್ಲವರ ಸಂಖ್ಯೆ ಗಣನೀಯವಾಗಿತ್ತು. ಮತಾಂತರದಿಂದ ಕುಟುಂಬದ ಆಶ್ರಯವನ್ನೂ ಕುಲವೃತ್ತಿಯನ್ನೂ ಕಳೆದುಕೊಂಡವರಿಗೆ ಉದ್ಯೋಗ ಒದಗಿಸುವ ಸಲುವಾಗಿ ಮಿಷನ್ನು ನೇಯ್ಗೆಯ ಘಟಕಗಳನ್ನೂ ಹಂಚಿನ ಕಾರ್ಖಾನೆಗಳನ್ನೂ ಸ್ಥಾಪಿಸಿತು. ಮಲ್ಪೆಯಲ್ಲಿಯೂ ಅಂತಹ ಒಂದು ಕಾರ್ಖಾನೆಯಿತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರಕಾರವು ಜರ್ಮನ್ ಮಿಷನರಿಗಳನ್ನು ದೇಶದಿಂದ ಹೊರಕಳುಹಿಸಿತು ಮತ್ತು ಮಿಷನ್ನಿನ ಉದ್ದಿಮೆಗಳನ್ನು ವಶಪಡಿಸಿಕೊಂಡಿತು. ಹೀಗಾಗಿ 1920ರ ವೇಳೆಗೆ ಸಭೆಗಳ ಹೊಣೆಯು ಬಹುಮಟ್ಟಿಗೆ ಸ್ಥಳೀಯ ಪಾಲಕರ ಹೆಗಲಿಗೆ ಬಿದ್ದಿತ್ತು.

ಬಾಸೆಲ್ ಮಿಷನ್ನಿಗೂ ಕನ್ನಡ ಮತ್ತು ತುಳು ಭಾಷೆಗಳಿಗೂ ಇರುವ ನಂಟು ಸುಪರಿಚಿತ. ತುಳುವಿನ ಹೊಸ ಒಡಂಬಡಿಕೆ 1847ರಲ್ಲಿ ಕನ್ನಡ ಲಿಪಿಯಲ್ಲಿ ಹೊರಬಂದಿತು. ಹರ್ಮನ್ ಮೋಗ್ಲಿಂಗ್ ಅವರು 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹೊರತಂದುದಲ್ಲದೆ ದಾಸರ ಪದಗಳನ್ನೂ ಹಳೆಯ ಕನ್ನಡ ಕಾವ್ಯಗಳನ್ನೂ ಸಂಗ್ರಹಿಸಿ ಮುದ್ರಿಸಿದರು. ಫರ್ಡಿನೆಂಡ್ ಕಿಟೆಲ್ ಅವರು 1862ರಲ್ಲಿ ಪ್ರಕಟಿಸಿದ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ ನಿರೂಪಿಸಿದರು. ಪರಧರ್ಮದ ಸಾಹಿತ್ಯವನ್ನು ಆದರದಿಂದ ಅಭ್ಯಸಿಸುತ್ತಲೇ ಆ ಧರ್ಮದವರನ್ನು ಮತಾಂತರಕ್ಕೆ ಕರೆಯುವ ಈ ಇಬ್ಬಗೆಯ ನಿಲುವು ಸಮರ್ಥರು ಬೆಳೆದ ಪರಂಪರೆಯ ಒಂದು ಲಕ್ಷಣವಾಗಿತ್ತು.

ಜೀವನ ಮತ್ತು ಶಿಕ್ಷಣ

ಸಮರ್ಥರ ತಂದೆ ಬಾಸೆಲ್ ಮಿಷನ್ ಸಭೆಯ ಪಾಲಕರಾಗಿದ್ದರು. 1432ರಲ್ಲಿ ಸ್ಥಾಪಿತವಾದ ಗೊಮ್ಮಟೇಶ್ವರನ ಏಕಶಿಲಾ ಮೂರ್ತಿ, 1586ರ ಚತುರ್ಮುಖ ಬಸದಿ, ದೇವಸ್ಥಾನಗಳು, ಭೂತಸ್ಥಾನಗಳು, ಮಸೀದಿ ಮತ್ತು ಚರ್ಚುಗಳು ಇರುವ ಕಾರ್ಕಳವು ಬಹುಧರ್ಮೀಯ ಪರಿಸರಕ್ಕೆ ಉತ್ತಮ ನಿದರ್ಶನ.

ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅವರು ದೇವಶಾಸ್ತ್ರವನ್ನು ಅಭ್ಯಾಸ ಮಾಡಿದರು. ಅಲ್ಲಿ ಅವರಿಗೆ ಪಿ.ಡಿ. ದೇವನಂದನ್ (1901–1962) ಗುರುಗಳಾಗಿದ್ದರು. ಹಿಂದೂ ಧರ್ಮದ ನವೋದಯವನ್ನು ಕ್ರೈಸ್ತರು ಸಹಾನುಭೂತಿಯಿಂದ ಅರಿಯಬೇಕೆಂಬುದು ದೇವನಂದನ್ ಅವರ ಆಗ್ರಹವಾಗಿತ್ತು. ನಂತರ ಸಮರ್ಥರು ಅಮೆರಿಕಕ್ಕೆ ತೆರಳಿ ನ್ಯೂಯಾರ್ಕಿನ ಯೂನಿಯನ್ ಥಿಯಲಾಜಿಕಲ್ ಸೆಮಿನರಿಯಲ್ಲಿ ಪಾಲ್ ಟಿಲಿಕ್ ಅವರ ಬಳಿ ಅಧ್ಯಯನ ನಡೆಸಿದರು. ಆಧುನಿಕ ಹಿಂದೂ ಚಿಂತಕರ ಇತಿಹಾಸ ದೃಷ್ಟಿಯನ್ನು ಕುರಿತು ಸಂಶೋಧನೆ ನಡೆಸಿ ಹಾರ್ಟ್‌ಫರ್ಡ್ ಸೆಮಿನರಿಯಿಂದ ಡಾಕ್ಟರೇಟ್ ಪಡೆದರು. ಸ್ವದೇಶಕ್ಕೆ ಮರಳುವ ಮುನ್ನ ಬಾಸೆಲ್‌ನಲ್ಲಿ ಕಾರ್ಲ್ ಬಾರ್ತ್ ಅವರ ಉಪನ್ಯಾಸಗಳನ್ನು ಕೇಳಿದರು. ಟಿಲಿಕ್ ಮತ್ತು ಬಾರ್ತ್ ಇಪ್ಪತ್ತನೆಯ ಶತಮಾನದ ಪ್ರೊಟೆಸ್ಟೆಂಟ್ ಚಿಂತನೆಯ ಎರಡು ಭಿನ್ನ ಧ್ರುವಗಳು. ಮಾನವ ಸಂಸ್ಕೃತಿಯ ಪ್ರಶ್ನೆಗಳಿಗೂ ದೈವಪ್ರಕಟನೆಗೂ ಸಂಬಂಧ ಕಲ್ಪಿಸಿದವರು ಟಿಲಿಕ್. ದೇವರ ಅರಿವು ಕ್ರಿಸ್ತನ ಮೂಲಕವಲ್ಲದೆ ಬೇರಾವ ಮಾರ್ಗದಿಂದಲೂ ಲಭಿಸದೆಂದು ಸಾರಿದವರು ಬಾರ್ತ್.

1952ರಲ್ಲಿ ಸಮರ್ಥರು ಮಂಗಳೂರಿನ ಬಲ್ಮಠದಲ್ಲಿರುವ ಬಾಸೆಲ್ ಮಿಷನ್ ದೇವಶಾಸ್ತ್ರ ವಿದ್ಯಾಲಯದ ಪ್ರಾಂಶುಪಾಲರಾದರು. ಈ ಸಂಸ್ಥೆಯು ಇಂದು ಕರ್ನಾಟಕ ಥಿಯಲಾಜಿಕಲ್ ಕಾಲೇಜ್ ಎಂಬ ಹೆಸರಿನಲ್ಲಿದೆ. 1960ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಮತ್ತು ಧರ್ಮಗಳ ಇತಿಹಾಸದ ಪ್ರಾಧ್ಯಾಪಕರಾದರು. ಬಳಿಕ, ವಿಲಿಯಂ ಕೇರಿ ಮತ್ತು ಸಂಗಡಿಗರು 1818ರಲ್ಲಿ ಸ್ಥಾಪಿಸಿದ ಬಂಗಾಳದ ಸೆರಾಂಪುರ ಕಾಲೇಜಿನ ಪ್ರಾಂಶುಪಾಲರಾಗಿ ಕೆಲವು ವರ್ಷ ಸೇವೆ ಸಲ್ಲಿಸಿದರು.

ಜಿನೀವಾದಲ್ಲಿ

1968ರಲ್ಲಿ ಸಮರ್ಥರು ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್‌ನ ಸಿಬ್ಬಂದಿ ವರ್ಗಕ್ಕೆ ಸೇರಿದರು. 1970ರ ಮಾರ್ಚ್ ತಿಂಗಳಿನಲ್ಲಿ ಲೆಬನಾನಿನ ಅಜಲ್ತೂನ್ ಎಂಬಲ್ಲಿ ನಡೆದ ಸಮಾಲೋಚನಾ ಸಭೆಯು ಅವರ ಸಂಘಟನಾ ಕಾರ್ಯದಲ್ಲಿ ಮಹತ್ವದ್ದು. ಹಿಂದೂ, ಬೌದ್ಧ, ಇಸ್ಲಾಂ ಮತ್ತು ಕ್ರೈಸ್ತ ಧರ್ಮಗಳ ಪ್ರತಿನಿಧಿಗಳು ಒಟ್ಟಾಗಿ ಕುಳಿತು ಮಾತನಾಡಿದ, ಈ ಒಕ್ಕೂಟದ ಆಶ್ರಯದ ಮೊದಲ ಸಭೆ ಅದು. ಮರುವರ್ಷ ಅಡಿಸ್ ಅಬಾಬಾದಲ್ಲಿ ಸೇರಿದ ಕೇಂದ್ರ ಸಮಿತಿಯು ಜೀವಂತ ಧರ್ಮಗಳ ಮತ್ತು ವಿಚಾರಧಾರೆಗಳ ಜನರೊಡನೆ ಸಂವಾದಕ್ಕಾಗಿ ಪ್ರತ್ಯೇಕ ವಿಭಾಗವನ್ನು ರಚಿಸಿತು. ಸಮರ್ಥರು ಅದರ ನಿರ್ದೇಶಕರಾದರು.

ಈ ಕಾರ್ಯವು ಸುಗಮವಾಗಿರಲಿಲ್ಲ. 1975ರಲ್ಲಿ ನೈರೋಬಿಯಲ್ಲಿ ನಡೆದ ಒಕ್ಕೂಟದ ಮಹಾಧಿವೇಶನದಲ್ಲಿ ಸಂವಾದವನ್ನು ಕುರಿತ ವರದಿಗೆ ವಿರೋಧ ವ್ಯಕ್ತವಾಯಿತು. ಸಂವಾದವು ಧರ್ಮಗಳ ಕಲಬೆರಕೆಗೆ ಎಡೆಮಾಡುತ್ತದೆ, ಸುವಾರ್ತಾ ಪ್ರಸಾರದ ಕರ್ತವ್ಯವನ್ನು ದುರ್ಬಲಗೊಳಿಸುತ್ತದೆ ಎಂಬುದು ವಿಶೇಷವಾಗಿ ಯುರೋಪಿನ ಕೆಲವು ಪ್ರತಿನಿಧಿಗಳ ಆತಂಕವಾಗಿತ್ತು. ವರದಿಯು ಸಮಿತಿಗೆ ಮರಳಿ, ಸ್ಪಷ್ಟೀಕರಣದ ಪೀಠಿಕೆಯೊಂದನ್ನು ಸೇರಿಸಿದ ನಂತರವೇ ಅಂಗೀಕಾರ ಪಡೆಯಿತು. ಪ್ರತಿನಿತ್ಯ ಅನ್ಯಧರ್ಮೀಯರ ನಡುವೆ ಬಾಳುವ ಏಷ್ಯಾದ ಕ್ರೈಸ್ತರಿಗೂ ಆ ಅನುಭವವಿಲ್ಲದ ಪಾಶ್ಚಾತ್ಯ ಕ್ರೈಸ್ತರಿಗೂ ಇರುವ ಅಂತರ ಈ ಚರ್ಚೆಯಲ್ಲಿ ಎದ್ದು ಕಂಡಿತು. 1977ರಲ್ಲಿ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಸಮರ್ಥರ ವಿಭಾಗವು ಏರ್ಪಡಿಸಿದ ಸಮಾಲೋಚನೆಯು ಈ ಬಿಕ್ಕಟ್ಟನ್ನು ಬಹುಮಟ್ಟಿಗೆ ಪರಿಹರಿಸಿತು. ಅದರ ಫಲವಾಗಿ ರೂಪುಗೊಂಡ ಸಂವಾದದ ಮಾರ್ಗದರ್ಶಿ ಸೂತ್ರಗಳನ್ನು ಕೇಂದ್ರ ಸಮಿತಿಯು 1979ರಲ್ಲಿ ಅಂಗೀಕರಿಸಿತು. 1980ರಲ್ಲಿ ನಿವೃತ್ತರಾದ ಸಮರ್ಥರು ಬೆಂಗಳೂರಿಗೆ ಮರಳಿ ಬೋಧನೆ ಮತ್ತು ಬರವಣಿಗೆಯಲ್ಲಿ ತೊಡಗಿದರು. 22 ಜುಲೈ 2001ರಂದು ನಿಧನರಾದರು.

ದೈವಪ್ರಕಟನೆಯ ಪ್ರಶ್ನೆ

ಸಮರ್ಥರ ಚಿಂತನೆಯನ್ನು ಗ್ರಹಿಸಲು ದೈವಪ್ರಕಟನೆ ಎಂಬ ಕ್ರೈಸ್ತ ಪರಿಕಲ್ಪನೆಯ ಪರಿಚಯ ಅಗತ್ಯ. ಮನುಷ್ಯನು ತನ್ನ ಬುದ್ಧಿಬಲದಿಂದ ದೇವರನ್ನು ಕಂಡುಹಿಡಿಯುವುದಕ್ಕಿಂತ ಮುಂಚೆ ದೇವರೇ ತನ್ನನ್ನು ಮನುಷ್ಯನಿಗೆ ತೋರಿಸಿಕೊಳ್ಳುತ್ತಾನೆ ಎಂಬುದು ಇದರ ತಿರುಳು. ಕ್ರೈಸ್ತ ಶಾಸ್ತ್ರಕಾರರು ಇದರಲ್ಲಿ ಎರಡು ಬಗೆಗಳನ್ನು ಗುರುತಿಸುತ್ತಾರೆ. ಸೃಷ್ಟಿಯ ಮೂಲಕವೂ ಮನುಷ್ಯನ ಅಂತಃಸಾಕ್ಷಿಯ ಮೂಲಕವೂ ಎಲ್ಲರಿಗೂ ದೊರೆಯುವುದು ಸಾಮಾನ್ಯ ಪ್ರಕಟನೆ. ಇದಕ್ಕೆ ಹತ್ತೊಂಬತ್ತನೆಯ ಕೀರ್ತನೆಯನ್ನೂ, ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಮೊದಲ ಅಧ್ಯಾಯವನ್ನೂ ಆಧಾರವಾಗಿ ತೋರಿಸಲಾಗುತ್ತದೆ. ಇಸ್ರಾಯೇಲಿನ ಇತಿಹಾಸ, ಪ್ರವಾದಿಗಳು ಮತ್ತು ಅಂತಿಮವಾಗಿ ಯೇಸು ಕ್ರಿಸ್ತನ ಜೀವನ, ಮರಣ ಹಾಗೂ ಪುನರುತ್ಥಾನಗಳ ಮೂಲಕ ದೊರೆತುದು ವಿಶೇಷ ಪ್ರಕಟನೆ. ಹಿಂದೆ ಪ್ರವಾದಿಗಳ ಮೂಲಕ ಮಾತನಾಡಿದ ದೇವರು ಕೊನೆಗೆ ತನ್ನ ಮಗನ ಮೂಲಕ ಮಾತನಾಡಿದನೆಂಬ ಅಭಿಪ್ರಾಯದಿಂದಲೇ ಇಬ್ರಿಯರಿಗೆ ಬರೆದ ಪತ್ರಿಕೆ ಆರಂಭವಾಗುತ್ತದೆ.

ಯೋಹಾನನ ಸುವಾರ್ತೆಯು ಕ್ರಿಸ್ತನನ್ನು ದೇಹಧಾರಿಯಾದ ವಾಕ್ಯ ಎಂದು ಕರೆಯುತ್ತದೆ. ಈ ಸಂದರ್ಭದಲ್ಲಿ ಕನ್ನಡ ಬೈಬಲ್ 'ನರಾವತಾರ' ಎಂಬ ಪದವನ್ನು ಬಳಸಿರುವುದು ಗಮನಾರ್ಹ. ಉಡುಪಿಯಂತಹ ವೈಷ್ಣವ ಕ್ಷೇತ್ರದ ಸುತ್ತಮುತ್ತ ಅವತಾರ ಎಂಬ ಶಬ್ದ ಎಲ್ಲರಿಗೂ ತಿಳಿದದ್ದು. ಆದರೆ ವೈಷ್ಣವರ ಅವತಾರಗಳು ಹಲವು. ಕ್ರೈಸ್ತ ಬೋಧನೆಯ ಪ್ರಕಾರ ದೇವರು ಮನುಷ್ಯನಾದದ್ದು ಒಂದೇ ಬಾರಿ, ನಿರ್ದಿಷ್ಟ ದೇಶ ಕಾಲಗಳಲ್ಲಿ. ಪದ ಒಂದೇ ಆದರೂ ಅರ್ಥದಲ್ಲಿರುವ ಈ ವ್ಯತ್ಯಾಸದಲ್ಲಿಯೇ ವಿವಾದದ ಬೀಜವಿದೆ. ಪ್ರಕಟನೆಯು ಒಂದೇ ಬಾರಿ, ಒಬ್ಬನಲ್ಲಿ ಮಾತ್ರ ಪೂರ್ಣವಾಯಿತು ಎನ್ನುವುದಾದರೆ ಆ ಹೆಸರನ್ನು ಕೇಳದೆ ಬಾಳಿ ಅಳಿದವರ ಪಾಡೇನು? ಅವರ ಪ್ರಾರ್ಥನೆ, ತಪಸ್ಸು, ಸದಾಚಾರಗಳಿಗೆ ದೇವರ ಸನ್ನಿಧಿಯಲ್ಲಿ ಬೆಲೆಯಿಲ್ಲವೇ?

ಈ ಪ್ರಶ್ನೆಗೆ 1938ರಲ್ಲಿ ಮದ್ರಾಸ್ ಬಳಿಯ ತಾಂಬರಂನಲ್ಲಿ ನಡೆದ ಅಂತರರಾಷ್ಟ್ರೀಯ ಮಿಷನರಿ ಸಮ್ಮೇಳನದಲ್ಲಿ ಕಟುವಾದ ಉತ್ತರವೊಂದು ಕೇಳಿಬಂದಿತು. ಡಚ್ ವಿದ್ವಾಂಸ ಹೆಂಡ್ರಿಕ್ ಕ್ರೇಮರ್ ಅವರು, ಕ್ರಿಸ್ತನಲ್ಲಿ ಉಂಟಾದ ಪ್ರಕಟನೆಗೂ ಇತರ ಧರ್ಮಗಳಿಗೂ ನಡುವೆ ನಿರಂತರತೆಯಿಲ್ಲವೆಂದು ಪ್ರತಿಪಾದಿಸಿದರು. ಪಿ. ಚೆಂಚಯ್ಯ, ವಿ. ಚಕ್ಕರೈ ಮೊದಲಾದ ಭಾರತೀಯ ಕ್ರೈಸ್ತ ಚಿಂತಕರು ಇದನ್ನು ಒಪ್ಪಲಿಲ್ಲ. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು, ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಕ್ಯಾಥೊಲಿಕ್ ಸಭೆ ತಿರಸ್ಕರಿಸುವುದಿಲ್ಲವೆಂದು ಘೋಷಿಸಿತು. ಸಮರ್ಥರು ತಮ್ಮ ಚಿಂತನೆಯನ್ನು ಮಂಡಿಸಿದ್ದು ಈ ಹಿನ್ನೆಲೆಯಲ್ಲಿ.

ಪ್ರಮುಖ ವಿಚಾರಗಳು

ಬಂಧನವಿಲ್ಲದ ಕ್ರಿಸ್ತ: 1974ರಲ್ಲಿ ಪ್ರಕಟವಾದ 'ದಿ ಹಿಂದೂ ರೆಸ್ಪಾನ್ಸ್ ಟು ದಿ ಅನ್‌ಬೌಂಡ್ ಕ್ರೈಸ್ಟ್' ಸಮರ್ಥರ ಪ್ರಸಿದ್ಧ ಕೃತಿ. ರಾಜಾ ರಾಮಮೋಹನ ರಾಯ್, ರಾಮಕೃಷ್ಣ ಪಂಥದ ಚಿಂತಕರು, ಮಹಾತ್ಮ ಗಾಂಧಿ ಮತ್ತು ಎಸ್. ರಾಧಾಕೃಷ್ಣನ್ ಅವರು ಯೇಸುವನ್ನು ಹೇಗೆ ಕಂಡರೆಂಬುದನ್ನು ಈ ಗ್ರಂಥ ಪರಿಶೀಲಿಸುತ್ತದೆ. ಇವರೆಲ್ಲರೂ ಯೇಸುವನ್ನು ಗೌರವಿಸಿದರು. ಆದರೆ ಚರ್ಚಿನ ಸದಸ್ಯರಾಗಲಿಲ್ಲ. ಕ್ರಿಸ್ತನು ಸಭೆಗೆ ಸೇರಿದವನು ನಿಜ, ಆದರೆ ಸಭೆಯ ಸ್ವತ್ತಲ್ಲ. ಅದರ ಗೋಡೆಗಳಾಚೆಗೂ ಆತನು ಜನರನ್ನು ತಟ್ಟುತ್ತಾನೆ ಎಂಬುದು ಸಮರ್ಥರ ನಿಲುವು. ಕ್ರೈಸ್ತ ನಂಬಿಕೆಯನ್ನು ಭಾರತದಲ್ಲಿ ವಿವರಿಸಲು ಅದ್ವೈತ ದರ್ಶನವು ನೆರವಾಗಬಲ್ಲದೆಂದು ಅವರು ಭಾವಿಸಿದರು. ಜೊತೆಗೆ ಇತಿಹಾಸ, ವ್ಯಕ್ತಿ ಮತ್ತು ಸಮಾಜಗಳಿಗೆ ಅದ್ವೈತವು ಸಾಕಷ್ಟು ಮಹತ್ವ ಕೊಡುವುದಿಲ್ಲವೆಂಬ ಕೊರತೆಯನ್ನೂ ಎತ್ತಿ ತೋರಿಸಿದರು. ರೈಮುಂಡೊ ಪಣಿಕ್ಕರ್ ಅವರ 'ಅಜ್ಞಾತ ಕ್ರಿಸ್ತ' (1964), ಎಂ.ಎಂ. ಥಾಮಸ್ ಅವರ 'ಅಂಗೀಕೃತ ಕ್ರಿಸ್ತ' (1969) ಮತ್ತು ಸಮರ್ಥರ 'ಬಂಧನವಿಲ್ಲದ ಕ್ರಿಸ್ತ' ಎಂಬ ಮೂರು ಪರಿಕಲ್ಪನೆಗಳನ್ನು ಭಾರತೀಯ ಕ್ರೈಸ್ತ ಚಿಂತನೆಯ ವಿದ್ಯಾರ್ಥಿಗಳು ಜೊತೆಯಾಗಿಯೇ ಓದುತ್ತಾರೆ.

ರಹಸ್ಯ ಮತ್ತು ದೇವಕೇಂದ್ರಿತ ದೃಷ್ಟಿ: ದೇವರು ಮೂಲತಃ ಅಗಾಧ ರಹಸ್ಯ, ಯಾವ ಧರ್ಮದ ಭಾಷೆಯೂ ಅದನ್ನು ಪೂರ್ಣವಾಗಿ ಹಿಡಿದಿಡಲಾರದು ಎಂದು ಸಮರ್ಥರು ವಾದಿಸಿದರು. ಕ್ರೈಸ್ತರ ತ್ರಿತ್ವವೂ ವೇದಾಂತದ ಸಚ್ಚಿದಾನಂದವೂ ಅದೇ ರಹಸ್ಯಕ್ಕೆ ಎರಡು ಸಂಸ್ಕೃತಿಗಳು ತೋರಿದ ಸ್ಪಂದನೆಗಳು. ಎರಡೂ ಅದನ್ನು ಸಂಪೂರ್ಣವಾಗಿ ಬಣ್ಣಿಸಲಾರವು. ಯೇಸು ಸ್ವತಃ ತನ್ನನ್ನಲ್ಲ, ದೇವರ ರಾಜ್ಯವನ್ನು ಬೋಧನೆಯ ಕೇಂದ್ರದಲ್ಲಿರಿಸಿದನೆಂಬುದನ್ನು ಅವರು ನೆನಪಿಸಿದರು. ಆದ್ದರಿಂದ ಕ್ರಿಸ್ತನನ್ನು ದೇವರ ಸ್ಥಾನದಲ್ಲಿ ಒಬ್ಬಂಟಿಯಾಗಿ ನಿಲ್ಲಿಸುವುದಕ್ಕಿಂತ, ದೇವರ ಕಡೆಗೆ ನಡೆಸುವವನಾಗಿ ಕಾಣುವುದು ಬೈಬಲಿಗೆ ಹತ್ತಿರವಾದ ಮಾರ್ಗವೆಂದು ಅವರ ಅಭಿಪ್ರಾಯ. ಕ್ರಿಸ್ತನ ವೈಶಿಷ್ಟ್ಯವನ್ನು ಅವರು ನಿರಾಕರಿಸಲಿಲ್ಲ. ಅದು ಇತರರೊಡನೆ ಇರುವ ಸಂಬಂಧದಲ್ಲಿ ಹೊಳೆಯುವ ವೈಶಿಷ್ಟ್ಯವೇ ಹೊರತು ಇತರರನ್ನು ಹೊರಗಿಡುವಂಥದ್ದಲ್ಲ ಎಂದರು.

ಹೆಲಿಕಾಪ್ಟರ್ ಮತ್ತು ಎತ್ತಿನ ಗಾಡಿ: 'ಒನ್ ಕ್ರೈಸ್ಟ್ – ಮೆನಿ ರಿಲಿಜನ್ಸ್' (1991) ಗ್ರಂಥದಲ್ಲಿ ಅವರು ಬಳಸಿದ ಒಂದು ಉಪಮೆ ಬಹಳ ಪ್ರಚಲಿತವಾಗಿದೆ. ಕ್ರಿಸ್ತನ ದೈವತ್ವವನ್ನೇ ಮೊದಲಿಟ್ಟು ಮೇಲಿನಿಂದ ಇಳಿಯುವ ಬೋಧನೆಯನ್ನು ಅವರು ಹೆಲಿಕಾಪ್ಟರಿಗೆ ಹೋಲಿಸುತ್ತಾರೆ. ಏಷ್ಯಾದ ನೆಲದ ಮೇಲೆ ಇಳಿಯುವಾಗ ಅದು ಎಬ್ಬಿಸುವ ಸದ್ದು ಮತ್ತು ಧೂಳಿನಲ್ಲಿ, ಇಳಿದು ಬರುವವನ ದನಿ ಜನರಿಗೆ ಕೇಳಿಸುವುದಿಲ್ಲ, ರೂಪವೂ ಕಾಣಿಸುವುದಿಲ್ಲ. ನಜರೇತಿನ ಯೇಸುವಿನ ಮಾನವ ಜೀವನದಿಂದ ಆರಂಭವಾಗುವ ಬೋಧನೆ ಎತ್ತಿನ ಗಾಡಿಯಂತೆ. ಅದರ ಚಕ್ರಗಳು ಸದಾ ಮಣ್ಣಿನ ದಾರಿಗೆ ತಾಗಿಕೊಂಡಿರುತ್ತವೆ. ನೆಲದೊಡನೆ ಘರ್ಷಣೆಯಿಲ್ಲದೆ ಗಾಡಿ ಮುಂದೆ ಸಾಗದು. ಗಾಡಿ ಹೊಡೆಯುವವನು ತೂಕಡಿಸಿದರೂ ಎತ್ತುಗಳು ದಾರಿ ತಪ್ಪದೆ ನಡೆಯುತ್ತವೆ ಎಂಬ ಹಾಸ್ಯವನ್ನೂ ಅವರು ಸೇರಿಸುತ್ತಾರೆ.

ಶಿಲುಬೆ ಮತ್ತು ಕಾಮನಬಿಲ್ಲು: ಜಾನ್ ಹಿಕ್ ಮತ್ತು ಪಾಲ್ ನಿಟ್ಟರ್ ಸಂಪಾದಿಸಿದ 1987ರ ಪ್ರಬಂಧ ಸಂಕಲನವೊಂದಕ್ಕೆ ಸಮರ್ಥರು ಬರೆದ ಲೇಖನದ ಶೀರ್ಷಿಕೆ ಇದು. ನೋಹನ ಕಥೆಯಲ್ಲಿ ಕಾಮನಬಿಲ್ಲು, ದೇವರು ಒಂದು ಜನಾಂಗದೊಡನಲ್ಲ, ಭೂಮಿಯ ಸಕಲ ಜೀವಿಗಳೊಡನೆ ಮಾಡಿಕೊಂಡ ಒಡಂಬಡಿಕೆಯ ಗುರುತು. ಶಿಲುಬೆಯ ಸಂದೇಶವನ್ನು ಆ ವಿಶಾಲವಾದ ಬಾನಿನ ಕೆಳಗೆ ಇಟ್ಟು ಓದಬೇಕೆಂಬುದು ಶೀರ್ಷಿಕೆಯ ಧ್ವನಿ.

ಸಂವಾದದ ಸ್ವರೂಪ: ಸಂವಾದವೆಂದರೆ ಪರರನ್ನು ಸೋಲಿಸುವ ವಾದವಲ್ಲ, ಮತಪ್ರಚಾರದ ಹೊಸ ಉಪಾಯವೂ ಅಲ್ಲ ಎಂದು ಸಮರ್ಥರು ಒತ್ತಿ ಹೇಳಿದರು. ತನ್ನ ನಂಬಿಕೆಯನ್ನು ಬದಿಗಿಟ್ಟು ಮಾತಿಗೆ ಕೂರುವುದೂ ಸಂವಾದವಲ್ಲ. ತನ್ನ ನಂಬಿಕೆಗೆ ನಿಷ್ಠನಾಗಿದ್ದು ಎದುರಿನವನ ನಂಬಿಕೆಗೆ ಕಿವಿಗೊಡುವುದೇ ಸಂವಾದ. ಅವರ ದೃಷ್ಟಿಯಲ್ಲಿ ಅದು ಪಂಡಿತರ ಸಭಾಂಗಣಕ್ಕೆ ಸೀಮಿತವಾದುದಲ್ಲ. ನೆರೆಹೊರೆಯ ಬದುಕಿನಲ್ಲಿ ನಡೆಯಬೇಕಾದುದು.

ಟೀಕೆಗಳು

ಸಮರ್ಥರ ವಿಚಾರಗಳಿಗೆ ಮೂರು ದಿಕ್ಕುಗಳಿಂದ ಆಕ್ಷೇಪಗಳು ಬಂದವು. ಮೊದಲನೆಯದು ಸಾಂಪ್ರದಾಯಿಕ ವಲಯದ್ದು. ಕ್ರಿಸ್ತನು ರಹಸ್ಯದ ಅನೇಕ ಮುಖಗಳಲ್ಲಿ ಒಂದು ಎನ್ನುವುದಾದರೆ ಶಿಲುಬೆಯ ಮರಣ ಯಾರಿಗಾಗಿ, ಸುವಾರ್ತೆಯನ್ನು ಸಾರುವುದು ಏತಕ್ಕಾಗಿ ಎಂದು ಈ ವಿಮರ್ಶಕರು ಕೇಳಿದರು. ದಕ್ಷಿಣ ಭಾರತದಲ್ಲಿ ಬಿಷಪ್ ಆಗಿದ್ದ ಲೆಸ್ಲಿ ನ್ಯೂಬಿಗಿನ್ ಅವರು, ದೇವರ ಬಗ್ಗೆ ನಾವು ಬಲ್ಲದ್ದು ಯೇಸುವಿನ ಚರಿತ್ರೆಯಿಂದಲೇ ಆದುದರಿಂದ ಆ ಚರಿತ್ರೆಯನ್ನು ದಾಟಿ ರಹಸ್ಯದ ಕಡೆಗೆ ಹೋದರೆ ನಂಬಿಕೆಗೆ ತಳಹದಿ ಉಳಿಯದೆಂಬ ದೃಷ್ಟಿಯವರು. 2000ದಲ್ಲಿ ವ್ಯಾಟಿಕನ್ ಹೊರಡಿಸಿದ 'ದೊಮಿನುಸ್ ಯೇಸುಸ್' ಎಂಬ ಘೋಷಣೆಯೂ ಯೇಸುವಿನಲ್ಲಿ ಉಂಟಾದ ಪ್ರಕಟನೆಯ ಪೂರ್ಣತೆಯನ್ನು ಪುನರುಚ್ಚರಿಸಿ ಬಹುತ್ವವಾದಿ ನಿಲುವುಗಳನ್ನು ಸಾಮಾನ್ಯವಾಗಿ ತಿರಸ್ಕರಿಸಿತು.

ಎರಡನೆಯದು ಮಿತ್ರವಲಯದ್ದು. ಸಂವಾದವನ್ನು ಬೆಂಬಲಿಸಿದ ಎಂ.ಎಂ. ಥಾಮಸ್ ಅವರಿಗೆ ದೇವಕೇಂದ್ರಿತ ದೃಷ್ಟಿಗಿಂತ ಕ್ರಿಸ್ತಕೇಂದ್ರಿತ ದೃಷ್ಟಿಯೇ ಸರಿಯೆನಿಸಿತು. ಕ್ರಿಸ್ತನ ನಿಮಿತ್ತವೇ ಕ್ರಿಸ್ತನನ್ನು ಕುರಿತ ನಮ್ಮ ಕಲ್ಪನೆಗಳನ್ನು ಅಪಾಯಕ್ಕೆ ಒಡ್ಡಬಹುದು, ಆದರೆ ಕೇಂದ್ರವನ್ನು ಬದಲಿಸಬೇಕಾಗಿಲ್ಲ ಎಂಬುದು ಅವರ ಅಭಿಪ್ರಾಯ.

ಮೂರನೆಯದು 1980ರ ದಶಕದಿಂದ ಬೆಳೆದ ದಲಿತ ದೇವಶಾಸ್ತ್ರದ್ದು. ಅರವಿಂದ ಪಿ. ನಿರ್ಮಲ್ ಮೊದಲಾದವರು ಭಾರತೀಯ ಕ್ರೈಸ್ತ ಚಿಂತನೆಯು ಬಹುಕಾಲ ವೈದಿಕ ದರ್ಶನಗಳೊಡನೆ ಮಾತ್ರ ಮಾತನಾಡಿದೆ, ಚರ್ಚಿನ ಬಹುಸಂಖ್ಯಾತರಾದ ಶೋಷಿತರ ಅನುಭವವನ್ನು ಮರೆತಿದೆ ಎಂದು ಆಕ್ಷೇಪಿಸಿದರು. ಅದ್ವೈತವನ್ನು ಆಧಾರವಾಗಿ ಸ್ವೀಕರಿಸಿದ ಸಮರ್ಥರಿಗೂ ಈ ಮಾತು ಅನ್ವಯಿಸುತ್ತದೆ. ಜಾತಿಯ ಅವಮಾನದಿಂದ ಬಿಡುಗಡೆ ಬಯಸಿ ಕ್ರೈಸ್ತರಾದವರ ಸಂತತಿಗೆ, ಅದೇ ಜಾತಿವ್ಯವಸ್ಥೆಯ ಮೇಲ್ತುದಿಯಲ್ಲಿದ್ದವರ ದರ್ಶನವು ದೇವರ ಪ್ರಕಟನೆಯಾಗಿ ಕಾಣುವುದು ಸುಲಭವಲ್ಲ. ತುಳುನಾಡಿನ ಸಭೆಗಳ ಇತಿಹಾಸವನ್ನು ಬಲ್ಲವರಿಗೆ ಈ ಟೀಕೆಯ ತೂಕ ಅರಿವಾಗುತ್ತದೆ.

ಪ್ರಭಾವ ಮತ್ತು ಪ್ರಸ್ತುತತೆ

ಸಮರ್ಥರ ಬಳಿಕ ಶ್ರೀಲಂಕಾದ ಎಸ್. ವೆಸ್ಲಿ ಅರಿಯರಾಜ ಅವರು ಜಿನೀವಾದ ಸಂವಾದ ವಿಭಾಗವನ್ನು ಮುನ್ನಡೆಸಿದರು. ಸಮರ್ಥರ ಕಾಲದಲ್ಲಿ ರೂಪುಗೊಂಡ ಸೂತ್ರಗಳು ಅನೇಕ ದೇಶಗಳ ಸಭೆಗಳ ಸಂವಾದ ಕಾರ್ಯಕ್ಕೆ ಆಧಾರವಾದವು. ಅವರ ಗ್ರಂಥಗಳು ಇಂಗ್ಲಿಷಿನಲ್ಲಿರುವುದರಿಂದ ವಿದ್ವತ್ ವಲಯದಲ್ಲಿ ಅವರಿಗಿರುವ ಖ್ಯಾತಿಗೆ ಹೋಲಿಸಿದರೆ ಹುಟ್ಟಿದ ನಾಡಿನ ಸಾಮಾನ್ಯ ಓದುಗರಿಗೆ ಅವರ ಪರಿಚಯ ಕಡಿಮೆ.

ಅವರು ಶಾಸ್ತ್ರದ ಭಾಷೆಯಲ್ಲಿ ಕೇಳಿದ ಪ್ರಶ್ನೆ ಈ ಪ್ರದೇಶದ ದೈನಂದಿನ ಜೀವನದಲ್ಲಿಯೂ ಇದೆ. ಪ್ರತಿವರ್ಷ ಜನವರಿಯಲ್ಲಿ ನಡೆಯುವ ಅತ್ತೂರು ಜಾತ್ರೆಗೆ ಕ್ರೈಸ್ತರಷ್ಟೇ ಅಲ್ಲದೆ ಇತರ ಧರ್ಮಗಳ ಭಕ್ತರೂ ಬಂದು ಸಂತ ಲಾರೆನ್ಸರಿಗೆ ಮೇಣದಬತ್ತಿ ಹಚ್ಚುತ್ತಾರೆ. 2016ರಲ್ಲಿ ಈ ಚರ್ಚ್ ಬೆಸಿಲಿಕಾ ಪದವಿಗೆ ಏರಿತು. ಹರಕೆ ಹೊತ್ತು ಬರುವ ಆ ಜನರು ತಮ್ಮ ಧರ್ಮವನ್ನು ಬಿಟ್ಟವರಲ್ಲ. ಅವರ ಪ್ರಾರ್ಥನೆ ದೇವರಿಗೆ ಸಲ್ಲುತ್ತದೆಯೇ, ಸಲ್ಲುವುದಾದರೆ ಕ್ರಿಸ್ತನ ಅನನ್ಯತೆಯನ್ನು ಕ್ರೈಸ್ತನು ಹೇಗೆ ಅರ್ಥೈಸಬೇಕು ಎಂಬ ಪ್ರಶ್ನೆಗಳಿಗೆ ಸಭೆಗಳಲ್ಲಿ ಇಂದಿಗೂ ಒಮ್ಮತದ ಉತ್ತರವಿಲ್ಲ.

ಪ್ರಮುಖ ಕೃತಿಗಳು

'ದಿ ಹಿಂದೂ ವ್ಯೂ ಆಫ್ ಹಿಸ್ಟರಿ: ಕ್ಲಾಸಿಕಲ್ ಅಂಡ್ ಮಾಡರ್ನ್' (1959) – ಹಿಂದೂ ಚಿಂತನೆಯಲ್ಲಿ ಇತಿಹಾಸದ ಕಲ್ಪನೆ.

'ಇಂಟ್ರೊಡಕ್ಷನ್ ಟು ರಾಧಾಕೃಷ್ಣನ್' (1964) – ರಾಧಾಕೃಷ್ಣನ್ ಅವರ ವ್ಯಕ್ತಿತ್ವ ಮತ್ತು ವಿಚಾರಗಳ ಪರಿಚಯ.

'ದಿ ಹಿಂದೂ ರೆಸ್ಪಾನ್ಸ್ ಟು ದಿ ಅನ್‌ಬೌಂಡ್ ಕ್ರೈಸ್ಟ್' (1974) – ಆಧುನಿಕ ಹಿಂದೂ ಚಿಂತಕರು ಕಂಡ ಕ್ರಿಸ್ತ.

'ಕರೇಜ್ ಫಾರ್ ಡಯಲಾಗ್' (1981) – ಸಂವಾದವನ್ನು ಕುರಿತ ಪ್ರಬಂಧಗಳು.

'ಒನ್ ಕ್ರೈಸ್ಟ್ – ಮೆನಿ ರಿಲಿಜನ್ಸ್' (1991) – ಬಹುಧರ್ಮೀಯ ಸಮಾಜದಲ್ಲಿ ಕ್ರಿಸ್ತನ ಸ್ಥಾನದ ಮರುಚಿಂತನೆ.

'ಬಿಟ್ವೀನ್ ಟು ಕಲ್ಚರ್ಸ್' (1996) – ಆತ್ಮಕಥನ.